150 ದಿನದ ನೀರು

ಗುಹೆಯ ನೆಲದ ಮೇಲೆ ಒಂದು ಅಸ್ಥಿಪಂಜರ ಬಿದ್ದಿದೆ. ಬೆನ್ನ ಹಿಂದೆ ಹಲ್ಲುಗಾಲಿಯ ಆಕಾರದ ಭಾರೀ ಉಕ್ಕಿನ ಬಾಗಿಲು ಮುಚ್ಚಿಕೊಂಡಿದೆ. ಮುಂದೆ ಕತ್ತಲೆ, ಕತ್ತಲೆಯಲ್ಲಿ ಇಲಿಗಳು. ಕೈಯಲ್ಲಿರುವುದು ಒಂದು ಪಿಸ್ತೂಲು, ಒಂದು ಚಾಕು ಮತ್ತು 150 ದಿನಗಳ ಗಡುವು.

1998ರ ಒಂದು ರಾತ್ರಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ, ಕೋಲಾರದ ಕಡೆಯ ಹಳ್ಳಿಯಿಂದ ಬಂದಿದ್ದ ಹುಡುಗನೊಬ್ಬ ಆ ಗುಹೆಯಿಂದ ಹೊರಬಿದ್ದ. ಕಂಪ್ಯೂಟರ್ ಅವನದಲ್ಲ, ಗೆಳೆಯನದು. ಗೆಳೆಯ ನಿದ್ದೆ ಹೋದ ಮೇಲೆ ಮಾತ್ರ ಅದು ಅವನ ಪಾಲಿಗೆ ಸಿಗುತ್ತಿತ್ತು. ಸಿ.ಡಿ.ಯ ಮೇಲಿದ್ದ ಹೆಸರು ‘ಫಾಲ್‌ಔಟ್’. ಅಮೆರಿಕದ ಇಂಟರ್‌ಪ್ಲೇ ಕಂಪನಿ 1997ರ ಅಕ್ಟೋಬರಿನಲ್ಲಿ ಹೊರತಂದಿದ್ದ ಆಟ. ಇದೇ ಕಂಪನಿ 1988ರಲ್ಲಿ ರೂಪಿಸಿದ್ದ ‘ವೇಸ್ಟ್‌ಲ್ಯಾಂಡ್’ ಎಂಬ ಆಟದ ಜಾಡಿನಲ್ಲಿಯೇ, ಟಿಮ್ ಕೇನ್ ಎಂಬಾತನ ಮುಂದಾಳುತನದಲ್ಲಿ ಮೂಡಿಬಂದದ್ದು.

ಕತೆ ಇಷ್ಟೇ. 2077ರಲ್ಲಿ ಅಣುಬಾಂಬುಗಳು ಬಿದ್ದು ಜಗತ್ತು ಸುಟ್ಟುಹೋಗಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟವೊಂದರ ಅಡಿಯಲ್ಲಿ, ‘ವಾಲ್ಟ್ 13’ ಎಂಬ ನೆಲಮಾಳಿಗೆಯಲ್ಲಿ ಒಂದಿಷ್ಟು ಜನ ತಲೆಮಾರುಗಳಿಂದ ಬಾಗಿಲು ಹಾಕಿಕೊಂಡು ಬದುಕಿದ್ದಾರೆ. 2161ರಲ್ಲಿ ಅವರ ನೀರು ಶುದ್ಧಿ ಮಾಡುವ ಯಂತ್ರದ ಒಂದು ಚಿಪ್ ಕೆಟ್ಟುಹೋಗುತ್ತದೆ. ಉಳಿದಿರುವುದು 150 ದಿನದ ನೀರು. ಯಾರಾದರೂ ಒಬ್ಬರು ಹೊರಗೆ ಹೋಗಿ ಇನ್ನೊಂದು ಚಿಪ್ ಹುಡುಕಿ ತರಬೇಕು. ಹೋಗಬೇಕಾದವನು ಆಟಗಾರ. ಬಾಗಿಲ ಬಳಿ ಬಿದ್ದಿರುವ ಅಸ್ಥಿಪಂಜರ ಅವನಿಗಿಂತ ಮೊದಲು ಹೊರಟವನದು.

ನೀರಿಗಾಗಿ ಮನೆ ಬಿಟ್ಟು ಹೊರಡುವುದೆಂದರೆ ಏನೆಂದು ಕೋಲಾರದ ಹುಡುಗನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಆ ರಾತ್ರಿ ಅವನಿಗೆ ಬೇಕಾಗಿದ್ದದ್ದು ನೀರಲ್ಲ, ಬಂದೂಕು.

ಇಂಥ ಆಟಗಳಲ್ಲಿ ಮೊದಲು ತನ್ನ ಪಾತ್ರವನ್ನು ತಾನೇ ಕಟ್ಟಿಕೊಳ್ಳಬೇಕು. ಬಲ, ದೃಷ್ಟಿ, ತಾಳಿಕೆ, ವರ್ಚಸ್ಸು, ಬುದ್ಧಿ, ಚುರುಕು, ಅದೃಷ್ಟ ಎಂಬ ಏಳು ಗುಣಗಳಿಗೆ ಅಂಕ ಹಂಚಬೇಕು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಖೋತಾ. ಅವನು ಬುದ್ಧಿಯನ್ನು ಐದರಿಂದ ಮೂರಕ್ಕೆ ಇಳಿಸಿ, ಉಳಿದದ್ದನ್ನೆಲ್ಲ ಬಲಕ್ಕೂ ಚುರುಕಿಗೂ ಸುರಿದ. ಕಾಳಗಕ್ಕೆ ಬುದ್ಧಿಯಿಂದೇನು ಪ್ರಯೋಜನ ಎಂಬುದು ಅವನ ಲೆಕ್ಕ.

ಕಾಳಗ ಚದುರಂಗದಂತೆ ಸರದಿಯ ಪ್ರಕಾರ ನಡೆಯುತ್ತಿತ್ತು. ಪ್ರತಿ ಸರದಿಗೆ ಇಂತಿಷ್ಟು ಅಂಕ. ಒಂದು ಹೆಜ್ಜೆ ಇಟ್ಟರೆ ಒಂದು ಅಂಕ ಖರ್ಚು, ಪಿಸ್ತೂಲು ಹಾರಿಸಿದರೆ ಐದು, ಗುರಿಯಿಟ್ಟು ಹಾರಿಸಿದರೆ ಆರು. ಕಣ್ಣಿಗೋ ಕಾಲಿಗೋ ತಲೆಗೋ ಎಂದು ಆರಿಸಬಹುದು. ಪ್ರತಿಯೊಂದರ ಪಕ್ಕದಲ್ಲೂ ತಗಲುವ ಸಂಭವ ಶೇಕಡಾ ಎಷ್ಟೆಂದು ಬರೆದಿರುತ್ತದೆ. ಎಷ್ಟೇ ಪಳಗಿದರೂ ಅದು ಶೇಕಡಾ 95ನ್ನು ದಾಟುವುದಿಲ್ಲ. ಉಳಿದ ಐದು ಯಾವಾಗ ಬರುತ್ತದೆಂದರೆ, ಹೋರಿಯಷ್ಟು ದೊಡ್ಡ ಚೇಳು ಎದುರಿಗೆ ಕೊಂಡಿಯೆತ್ತಿ ನಿಂತು, ಕೈಯಲ್ಲಿ ಕೊನೆಯ ಗುಂಡು ಉಳಿದಾಗ. ಅವನು ಸತ್ತ. ಮತ್ತೆ ಎದ್ದ. ಮತ್ತೆ ಸತ್ತ. ಹಾಸ್ಟೆಲಿನ ಹೊರಗೆ ಹಾಲಿನ ಗಾಡಿ ಬರುವ ಹೊತ್ತಿಗೆ ಚೇಳುಗಳ ಗವಿ ಖಾಲಿಯಾಗಿತ್ತು.

ಕಾಳಗಕ್ಕಿಂತ ಹೆಚ್ಚಾಗಿ ಹಿಡಿದಿಟ್ಟದ್ದು ನಡಿಗೆ. ನಕ್ಷೆ ತುಂಬ ಕಪ್ಪು ಚೌಕಗಳು. ನಡೆದಂತೆಲ್ಲ ಅವು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಜೊತೆಗೆ ಒಂದೊಂದೇ ದಿನ ಕರಗುತ್ತಿತ್ತು. ಚಿಪ್ ಇರಬಹುದೆಂದು ‘ವಾಲ್ಟ್ 15’ಕ್ಕೆ ಹೋದರೆ ಅದು ಪಾಳುಬಿದ್ದ ಗುಹೆ, ಕೆಳಗಿಳಿಯಲು ಹಗ್ಗ ಬೇಕು. ಹಗ್ಗ ತರಲು ಬಂದ ದಾರಿಗೇ ಹಿಂದಿರುಗಿದ. ಹಗ್ಗ ತಂದು ತಳದವರೆಗೆ ಇಳಿದರೆ, ಚಿಪ್ ಇರಬೇಕಾದ ಕೋಣೆಯ ಮೇಲೆ ಬಂಡೆ ಕುಸಿದುಬಿದ್ದಿದೆ. ಹಳ್ಳಿಯಲ್ಲಿ ಬಾವಿ ತೋಡಿಸಿ ಬಂಡೆ ಸಿಕ್ಕ ದಿನ ಅಪ್ಪನ ಮುಖ ಹೇಗಿತ್ತೆಂಬುದು ಅವನಿಗೆ ನೆನಪಾಯಿತು. ಮರುಕ್ಷಣವೇ ಮರೆತು ಮುಂದೆ ನಡೆದ.

ಚಿಪ್ ಕೊನೆಗೂ ಸಿಕ್ಕಿದ್ದು ನೆಕ್ರೋಪೊಲಿಸ್‌ನಲ್ಲಿ. ಒಂದು ಕಾಲಕ್ಕೆ ಬೇಕರ್ಸ್‌ಫೀಲ್ಡ್ ಆಗಿದ್ದ ನಗರ ಅದು. ಅಲ್ಲಿರುವವರು ಘೌಲ್‌ಗಳು: ಅಣುವಿಕಿರಣಕ್ಕೆ ಚರ್ಮ ಸುಲಿದುಹೋಗಿಯೂ ಸಾಯದೆ ಉಳಿದ ಮನುಷ್ಯರು. ಕಾವಲಿದ್ದವರನ್ನು ಹೊಡೆದುರುಳಿಸಿ, ನಗರದಡಿಯ ವಾಲ್ಟಿಗೆ ಇಳಿದು, ಚಿಪ್ ಕಿತ್ತುಕೊಂಡು ಓಡಿಬಂದ. ಆ ಚಿಪ್ಪಿನಿಂದ ಅಲ್ಲಿ ಯಾರು ನೀರು ಕುಡಿಯುತ್ತಿದ್ದರೆಂದು ಅವನು ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಬುದ್ಧಿ ಮೂರಕ್ಕಿಳಿದ ಪಾತ್ರಕ್ಕೆ ಆಟದಲ್ಲಿ ನೆಟ್ಟಗೆ ಮಾತು ಬರುವುದಿಲ್ಲ. ‘ಊಂ’, ‘ಆಂ’ ಎನ್ನುತ್ತದೆ, ಅಷ್ಟೇ.

ಆಟದ ಕೊನೆ ಅವನನ್ನು ನಿದ್ದೆಗೆಡಿಸಿತು. ಜಗತ್ತನ್ನೇ ಉಳಿಸಿ ವಾಲ್ಟಿನ ಬಾಗಿಲಿಗೆ ಮರಳಿದವನನ್ನು ಯಜಮಾನ ಒಳಗೆ ಬಿಡುವುದಿಲ್ಲ. ನೀನು ವೀರನೇ ಸರಿ, ಆದರೆ ನಿನ್ನನ್ನು ನೋಡಿ ನಮ್ಮ ಹುಡುಗರೂ ಹೊರಗೆ ಹೊರಟಾರು, ಆದ್ದರಿಂದ ನೀನು ಹೋಗಲೇಬೇಕು ಎನ್ನುತ್ತಾನೆ. ಬೆನ್ನು ಬಾಗಿಸಿಕೊಂಡು ಒಬ್ಬನೇ ಮರಳುಗಾಡಿಗೆ ನಡೆದುಹೋಗುವ ಆ ಆಕೃತಿಯಲ್ಲಿ ಹುಡುಗ ತನ್ನನ್ನೇ ಕಂಡ. ಓದಿ ಊರು ಬಿಟ್ಟವನಿಗೆ ಊರಿನಲ್ಲಿ ಜಾಗವಿಲ್ಲ ಎಂದು ಅನ್ನಿಸುವ ವಯಸ್ಸು ಅದು.

ಮುಂದೆ ಕೆಲಸ ಸಿಕ್ಕಿತು, ಮದುವೆಯಾಯಿತು, ಆಟ ಮಾತ್ರ ಬಿಡಲಿಲ್ಲ. 2008ರಲ್ಲಿ ಬೆಥೆಸ್ಡಾ ಕಂಪನಿಯ ‘ಫಾಲ್‌ಔಟ್ 3’ ಬಂದಾಗ, ಅದರ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣಕ್ಕಾಗಿ ಭಾರತಕ್ಕೆ ತರುವುದಿಲ್ಲವೆಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಕಾರಣವನ್ನು ಕಂಪನಿ ಬಿಡಿಸಿ ಹೇಳಲಿಲ್ಲ. ಆ ಲೋಕದಲ್ಲಿ ಎರಡು ತಲೆಯ ಹಸುವಿಗೆ ‘ಬ್ರಾಹ್ಮಿನ್’ ಎಂಬ ಹೆಸರಿದ್ದದ್ದೇ ಕಾರಣವಿರಬೇಕೆಂದು ಆಟಗಾರರು ಊಹಿಸಿದರು. ಅವನು ಆಮೇಲೆ ಅದನ್ನು ಕಂಪ್ಯೂಟರಿನಲ್ಲಿ ಆಡಿದ. ಅಲ್ಲಿಯೂ ನೀರೇ: ಪಾಳುಬಿದ್ದ ವಾಷಿಂಗ್ಟನ್ನಿಗೆ ಶುದ್ಧ ನೀರು ಕೊಡುವ ಯಂತ್ರವೇ ಕತೆಯ ತಿರುಳು. ಊರ ಬಾಗಿಲಲ್ಲಿ ಕುಳಿತ ಭಿಕ್ಷುಕ ಬೇಡುವುದೂ ಕಾಸನ್ನಲ್ಲ, ಒಂದು ಬಾಟಲಿ ಒಳ್ಳೆಯ ನೀರನ್ನು. 2010ರ ‘ನ್ಯೂ ವೆಗಾಸ್’ನಲ್ಲಿ ಬೇಕೆಂದವರಿಗೆ ಒಂದು ಕಠಿಣ ಬಗೆಯ ಆಟವಿತ್ತು, ಅದರಲ್ಲಿ ವೇಳೆಗೆ ಸರಿಯಾಗಿ ನೀರು ಕುಡಿಯದಿದ್ದರೆ ವೀರನೂ ಬಾಯಾರಿ ಸಾಯುತ್ತಾನೆ.

ಈ ನಡುವೆ ನಿಜವಾದ ನೀರಿನ ಕತೆಯೊಂದು ನಡೆದಿತ್ತು. 2003ರ ಬರದಲ್ಲಿ ಅವನು ಬೆಂಗಳೂರಿನಿಂದ ದುಡ್ಡು ಕಳಿಸಿ, ಊರಿನ ಜಮೀನಿನಲ್ಲಿ 850 ಅಡಿಯ ಕೊಳವೆಬಾವಿ ಕೊರೆಸಿದ. ನೀರು ಬಿತ್ತು. ಟೊಮೊಟೊ ಬೆಳೆಯಿತು. ಅಪ್ಪ ನಕ್ಕರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬದುವಿನಾಚೆಯವರ 300 ಅಡಿಯ ಬಾವಿ ಬತ್ತಿತು. ಅವರು ಜಗಳಕ್ಕೆ ಬರಲಿಲ್ಲ. ಹಬ್ಬಕ್ಕೆ ಬರುವುದನ್ನು ಬಿಟ್ಟರು, ಹಸು ಮಾರಿದರು, ಕೊನೆಗೆ ಬೆಂಗಳೂರಿಗೆ ಹೋಗಿ ಕಟ್ಟಡವೊಂದರ ಕಾವಲುಗಾರನಾದರು. ಊರಿನಲ್ಲಿ ಯಾರೂ ಇದನ್ನು ತಪ್ಪೆನ್ನಲಿಲ್ಲ. ಎಲ್ಲರೂ ಕೊರೆಸುತ್ತಿದ್ದರು. ದುಡ್ಡಿದ್ದವನು ಇನ್ನೂ ಆಳಕ್ಕೆ ಕೊರೆಸುತ್ತಿದ್ದ.

2024ರ ಏಪ್ರಿಲಿನಲ್ಲಿ ‘ಫಾಲ್‌ಔಟ್’ ಪ್ರೈಮ್ ವಿಡಿಯೊದಲ್ಲಿ ಧಾರಾವಾಹಿಯಾಗಿ ಬಂತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದು ಕೂತಿದ್ದ ಬೇಸಿಗೆ ಅದು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಕುಳಿತಿದ್ದ ಮಗಳು ಧಾರಾವಾಹಿ ನೋಡಿ, ಇದರ ಮೂಲ ಆಟ ಎಲ್ಲಿದೆ ಎಂದು ಕೇಳಿದಳು. ಅಪ್ಪ ಉತ್ಸಾಹದಿಂದಲೇ ಹಾಕಿಕೊಟ್ಟ. ಪಕ್ಕದಲ್ಲಿ ಕುಳಿತು ದಾರಿ ತೋರಿಸುವುದಾಗಿಯೂ ಹೇಳಿದ.

ಅವಳು ಬುದ್ಧಿಗೆ ಒಂಬತ್ತು ಅಂಕ ಕೊಟ್ಟಳು. ವಿಶೇಷ ಕೌಶಲಗಳೆಂದು ಆರಿಸಿಕೊಂಡದ್ದು ಮಾತುಗಾರಿಕೆ, ರಿಪೇರಿ ಮತ್ತು ವಿಜ್ಞಾನ. “ಇಲಿ ಕಚ್ಚಿಯೇ ಸಾಯುತ್ತೀಯ” ಎಂದ ಅಪ್ಪ. ಇಲಿ ಕಚ್ಚಿ ಎರಡು ಸಲ ಸತ್ತದ್ದೂ ನಿಜವೇ.

ಆದರೆ ಅವಳು ನಡೆದ ಊರುಗಳು ಬೇರೆಯೇ ಆಗಿದ್ದವು. ಶೇಡಿ ಸ್ಯಾಂಡ್ಸ್ ಎಂಬ ಮಣ್ಣಿನ ಮನೆಗಳ ಹಳ್ಳಿಯಲ್ಲಿ ಅವನು ಹಗ್ಗವನ್ನಷ್ಟೇ ಕಂಡಿದ್ದ. ಅವಳು ಎಲ್ಲರನ್ನೂ ಮಾತನಾಡಿಸಿದಳು. ಅಲ್ಲಿಯ ಮುಖಂಡ ಅರಾದೇಶ್ ಮಾತಿನ ನಡುವೆ ‘ಧರ್ಮ’ ಎಂಬ ಪದ ಬಳಸುತ್ತಾನೆಂಬುದು ಅಪ್ಪನಿಗೆ ತಿಳಿದದ್ದು ಆಗಲೇ. ರೈತನೊಬ್ಬನಿಗೆ ಬೆಳೆ ಬದಲಾಯಿಸಿ ಬೆಳೆಯುವ ಕ್ರಮವನ್ನು ಅವಳು ವಿವರಿಸಿದಳು. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದ ಅಜ್ಜ ಆ ಅಪ್ಪನ ಕಣ್ಣಿಗೆ ಕಟ್ಟಿದ. ಜೊತೆಗಾರನಾಗಿ ಬಂದ ಇಯಾನ್ ಎಂಬುವನು ಶತ್ರುವಿಗಿಂತ ಹೆಚ್ಚಾಗಿ ಅವಳ ಬೆನ್ನಿಗೇ ಗುಂಡು ಹೊಡೆದ. ಜಂಕ್‌ಟೌನಿನಲ್ಲಿ ತಿನ್ನಲು ಕೊಟ್ಟು ಒಲಿಸಿಕೊಂಡ ಡಾಗ್‌ಮೀಟ್ ಎಂಬ ನಾಯಿಯನ್ನು ಉಳಿಸಿಕೊಳ್ಳಲು ಒಂದೇ ಕಾಳಗವನ್ನು ಅವಳು ಹನ್ನೊಂದು ಸಲ ಆಡಿದಳು.

ನೆಕ್ರೋಪೊಲಿಸ್ ಬಂತು. “ಸೀದಾ ಹೋಗು, ಚಿಪ್ ಅಲ್ಲಿದೆ” ಎಂದ ಅಪ್ಪ. ಅವಳು ಸೀದಾ ಹೋಗಲಿಲ್ಲ; ಚರಂಡಿಗೆ ಇಳಿದಳು. ಅಲ್ಲಿ, ಮೇಲಿನವರಿಂದ ದೂರವಾಗಿ, ಯಾರ ತಂಟೆಗೂ ಹೋಗದ ಕೆಲವು ಘೌಲ್‌ಗಳಿದ್ದರು. ಅವರು ಹೇಳಿದ್ದು ಇಷ್ಟು: ಆ ಚಿಪ್ ತೆಗೆದರೆ ನಮಗೆ ನೀರಿಲ್ಲ. ಮೇಲೆ ಒಂದು ಹಳೆಯ ಪಂಪು ಕೆಟ್ಟು ನಿಂತಿದೆ. ಅದಕ್ಕೆ ಬೇಕಾದ ಬಿಡಿಭಾಗ ಈ ಚರಂಡಿಯಲ್ಲೇ ಎಲ್ಲೋ ಇದೆ. ಅದನ್ನು ಸರಿಮಾಡಿಕೊಟ್ಟು ಚಿಪ್ ಒಯ್ಯಿ.

ಅಪ್ಪ ಕುರ್ಚಿಯನ್ನು ಮುಂದೆ ಎಳೆದುಕೊಂಡ. ಇಪ್ಪತ್ತಾರು ವರ್ಷಗಳಲ್ಲಿ ಆ ಪಂಪು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಬಿಡಿಭಾಗ ಹುಡುಕಿ ಪಂಪು ಸರಿಮಾಡಲು ಅವಳಿಗೆ ಒಂದು ಇಡೀ ಸಂಜೆ ಹಿಡಿಯಿತು. ಚಿಪ್ ಕೈಗೆ ಬಂದ ಮೇಲೆ ಕೇಳಿದಳು: “ನೀನು ಆಡುವಾಗ ಇವರು ಏನು ಹೇಳಿದ್ದರು?”

“ನನಗೆ ಯಾರೂ ಏನೂ ಹೇಳಲಿಲ್ಲ.”

“ನಿನ್ನ ಬುದ್ಧಿ ಎಷ್ಟಿತ್ತು?”

“ಮೂರು.”

ಇಬ್ಬರೂ ನಕ್ಕರು. ಅವಳ ನಗು ಮುಂದುವರಿಯಿತು. ಅವನದು ಅಲ್ಲಿಗೇ ನಿಂತಿತು.

ಕೊನೆಯ ಶತ್ರುವನ್ನೂ ಅವಳು ಗುಂಡಿನಿಂದ ಸೋಲಿಸಲಿಲ್ಲ. ಮನುಷ್ಯರನ್ನೆಲ್ಲ ದೈತ್ಯರನ್ನಾಗಿ ಮಾರ್ಪಡಿಸಿ ಹೊಸ ಕುಲವೊಂದನ್ನು ಕಟ್ಟಲು ಹೊರಟ ‘ಮಾಸ್ಟರ್’ ಎಂಬಾತನ ಎದುರು ನಿಂತು, ಆ ಕುಲಕ್ಕೆ ಸಂತಾನವಾಗದು ಎಂಬುದಕ್ಕೆ ಪುರಾವೆ ಇಟ್ಟಳು. ತನ್ನ ಲೆಕ್ಕ ತಪ್ಪೆಂದು ಅರಿವಾದೊಡನೆ ಅವನು ತನ್ನನ್ನು ತಾನೇ ಮುಗಿಸಿಕೊಂಡ. ಬಳಿಕ ವಾಲ್ಟಿನ ಬಾಗಿಲು, ಯಜಮಾನನ ಅದೇ ಮಾತು, ಮರಳುಗಾಡಿಗೆ ಅದೇ ನಡಿಗೆ. ಮಗಳು ಸಿಟ್ಟಾದಳು. ನೀರು ತಂದುಕೊಟ್ಟವಳನ್ನೇ ಹೊರಗೆ ಹಾಕುವುದು ಯಾವ ನ್ಯಾಯ ಎಂದಳು.

ಹಾಸ್ಟೆಲಿನ ದಿನಗಳಲ್ಲಿ ಆ ಒಂಟಿ ಆಕೃತಿ ತಾನೇ ಎಂದು ಅವನು ತಿಳಿದಿದ್ದ. ಈಗ ನೋಡಿದರೆ ಹಾಗೆ ಕಾಣಲಿಲ್ಲ. ತಾನು ಊರು ಬಿಟ್ಟದ್ದು ಸಂಬಳಕ್ಕೆ. ಬೇಕೆಂದಾಗ ಹೋಗಿ ಬರುತ್ತಿದ್ದ, ಹೋದಾಗ ಬಾಗಿಲು ತೆರೆದೇ ಇರುತ್ತಿತ್ತು. ನೀರಿಲ್ಲದೆ ನಿಜವಾಗಿ ಹೊರಗೆ ನಡೆದವರು ಬದುವಿನಾಚೆಯವರು. ಚರಂಡಿಯಲ್ಲಿದ್ದ ಘೌಲ್‌ಗಳಿಗಾದರೂ ಬಾಯಿಬಿಟ್ಟು ಹೇಳುವ ಅವಕಾಶವಿತ್ತು. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅವನು ಊರಿನಲ್ಲಿ ಜಮೀನು ನೋಡಿಕೊಳ್ಳುವ ತಮ್ಮನಿಗೆ ಫೋನು ಮಾಡಿದ. ಬದುವಿನಾಚೆಯವರ ಮಗ ಎರಡು ವರ್ಷದಿಂದ ಊರಿಗೇ ಬಂದು ನೆಲೆಸಿ, ಒಣಬೇಸಾಯ ಮಾಡಿಕೊಂಡಿರುವುದು ಅವನಿಗೆ ಗೊತ್ತಿತ್ತು. ನಮ್ಮ ಕೊಳವೆಬಾವಿಯಲ್ಲಿ ಈಗ ಎಷ್ಟು ನೀರಿದೆ ಎಂದು ಕೇಳಿದ. ಕರೆಂಟಿದ್ದಾಗ ಮೂರು ಗಂಟೆ ಬರುತ್ತದೆ, ಮೊದಲಿನಂತಿಲ್ಲ ಎಂದ ತಮ್ಮ. ಅದರಲ್ಲಿ ಒಂದು ಗಂಟೆಯ ನೀರನ್ನು ಅವನ ಹೊಲಕ್ಕೆ ಬಿಡಲಾದೀತೇ, ಪೈಪಿನ ಖರ್ಚು ನನ್ನದಿರಲಿ ಎಂದು ಕೇಳಿದ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. “ಬಿಡಬಹುದು. ಆದರೆ ಇಪ್ಪತ್ತು ವರ್ಷ ಆದ ಮೇಲೆ ಈಗ ಯಾಕೆ?” ಎಂದ.

ಆಟ ಆಡುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. “ಸುಮ್ಮನೆ, ನೆನಪಾಯಿತು” ಎಂದ. ಒಳಗಿನ ಕೋಣೆಯಲ್ಲಿ ಮಗಳು ಆಟವನ್ನು ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಗುಹೆಯ ಇಲಿಗಳ ಸದ್ದು ಹೊರಗಿನವರೆಗೂ ಕೇಳಿಸುತ್ತಿತ್ತು.