ಗೆರೆಯ ಹೊರಗೆ ನಿಂತವರು

2019ರ ಜನವರಿ 6, ಮೂರು ರಾಯರ ಹಬ್ಬದ ಆದಿತ್ಯವಾರ. ಸಂಜೆ ನಾವು ಹತ್ತು ಹನ್ನೆರಡು ಮಂದಿ ನಮ್ಮ ಕ್ಯಾಪ್ಟನ್ ಅಣ್ಣನ ಮನೆಯ ಜಗಲಿಯಲ್ಲಿ ಟಿ.ವಿ. ಇಟ್ಟುಕೊಂಡು ಏಷ್ಯನ್ ಕಪ್ ನೋಡುತ್ತಿದ್ದೆವು. ಅಬುಧಾಬಿಯಲ್ಲಿ ಭಾರತ ಮತ್ತು ಥಾಯ್ಲೆಂಡ್. ಅರ್ಧ ಆಟಕ್ಕೆ 1-1. ಆಮೇಲೆ ಛೆಟ್ರಿ, ಥಾಪಾ, ಜೆಜೆ ಹೊಡೆದು 4-1. ನಮ್ಮ ಬೊಬ್ಬೆಗೆ ಪಕ್ಕದ ವಾಳೆಯವರೂ ಹೊರಗೆ ಬಂದು ನೋಡಿದ್ದರು. ಮರುದಿನವೇ ಥಾಯ್ಲೆಂಡಿನ ಕೋಚ್ ಮಿಲೊವಾನ್ ರಾಯೆವಾತ್ಸ್ ಕೆಲಸ ಕಳೆದುಕೊಂಡರು. ಅವರಿಗಿಂತ ಮೊದಲು ಯಾರಿದ್ದರು ಎಂದು ಹುಡುಕಿದವರು ಕ್ಯಾಪ್ಟನ್ ಅಣ್ಣ. ಹಾಗೆ ನಮಗೆ ಪರಿಚಯವಾದವರು ಕಿಯಾತಿಸುಕ್ ಸೇನಾಮುವಾಂಗ್.

ಅವರ ಊರಿನವರು ಕರೆಯುವುದು ಜೀಕೋ ಎಂದು, ಬ್ರೆಜಿಲಿನ ಜೀಕೋನ ಹೆಸರು. ರಾಷ್ಟ್ರೀಯ ತಂಡಕ್ಕೆ ನೂರಕ್ಕೂ ಹೆಚ್ಚು ಪಂದ್ಯ, 71 ಗೋಲು. ಗೋಲು ಹೊಡೆದರೆ ಮೈದಾನದಲ್ಲೇ ಲಾಗ ಹಾಕುತ್ತಿದ್ದರಂತೆ. ನಮ್ಮ ಹುಡುಗರು ಅದನ್ನು ಅನುಕರಿಸಲು ಹೋಗಿ ಬೆನ್ನು ನೋವು ಮಾಡಿಕೊಂಡದ್ದು ಬೇರೆ ಕಥೆ.

1999ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಟೌನ್ ಅವರನ್ನು ಕರೆಸಿಕೊಂಡಿತು. ಥಾಯ್ಲೆಂಡಿನಲ್ಲಿ ಆಗ ಅವರಿಗಿಂತ ದೊಡ್ಡ ಆಟಗಾರನಿರಲಿಲ್ಲ. ಅಲ್ಲಿ ಮೊದಲ ತಂಡಕ್ಕೆ ಒಂದು ಪಂದ್ಯವೂ ಆಡಲು ಸಿಗಲಿಲ್ಲ. ವಾಪಸು ಬಂದು ಸಿಂಗಾಪುರದಲ್ಲಿ ಆಡಿದರು. 2002ರಲ್ಲಿ ವಿಯೆಟ್ನಾಮಿನ ಗುಡ್ಡಗಾಡಿನ ಪ್ಲೇಕು ಪಟ್ಟಣಕ್ಕೆ, ಹೊಆಂಗ್ ಆನ್ ಜಾ ಲಾಯ್ ಎಂಬ ತಂಡಕ್ಕೆ ಹೋದರು. 2003 ಮತ್ತು 2004ರಲ್ಲಿ ಆ ತಂಡ ಲೀಗ್ ಗೆದ್ದಿತು. ಕೋಚ್ ಕೆಲಸಕ್ಕೆ ಅವರು ಕೈ ಹಾಕಿದ್ದೂ ಅಲ್ಲೇ.

2013ರಲ್ಲಿ ಥಾಯ್ಲೆಂಡಿನ ಎಳೆಯರ ತಂಡಕ್ಕೆ ಆಗ್ನೇಯ ಏಷ್ಯಾ ಕ್ರೀಡಾಕೂಟದ ಚಿನ್ನ ಗೆಲ್ಲಿಸಿಕೊಟ್ಟರು. ಮುಂದಿನ ವರ್ಷ ಅದೇ ಹುಡುಗರನ್ನು ನಂಬಿ ಸುಜುಕಿ ಕಪ್ಪಿಗೆ ಹೋದರು. ಡಿಸೆಂಬರ್ 20, ಕ್ವಾಲಾಲಂಪುರ. ಬ್ಯಾಂಕಾಕಿನಲ್ಲಿ 2-0 ಗೆದ್ದು ಬಂದವರು ಇಲ್ಲಿ ಮಲೇಷ್ಯಾಕ್ಕೆ 0-3 ಹಿಂದೆ. ಕಪ್ಪು ಕೈಬಿಟ್ಟ ಹಾಗೆಯೇ. ಕೊನೆಯ ಹತ್ತು ನಿಮಿಷದೊಳಗೆ ಇಬ್ಬರು ಮಿಡ್‌ಫೀಲ್ಡರುಗಳು, ಚಾರಿಲ್ ಶಾಪ್ವಿ ಮತ್ತು ಐದಡಿ ಎರಡಿಂಚಿನ ಚಾನಾತಿಪ್ ಸೊಂಗ್‌ಕ್ರಾಸಿನ್, ಒಂದೊಂದು ಗೋಲು ಹೊಡೆದರು. ಒಟ್ಟು 4-3. ಆಟಗಾರನಾಗಿಯೂ ಕೋಚ್ ಆಗಿಯೂ ಆ ಕಪ್ ಗೆದ್ದ ಮೊದಲಿಗರು ಜೀಕೋ. 2016ರಲ್ಲಿ ಮತ್ತೊಮ್ಮೆ ಗೆದ್ದರು. 2017ರ ಮಾರ್ಚಿನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಜಪಾನಿಗೆ 0-4 ಸೋತ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು.

ಕ್ಯಾಪ್ಟನ್ ಅಣ್ಣ ಮಧ್ಯದಲ್ಲಿ ಆಡುವವರು. ಅದಕ್ಕೇ ಅವರಿಗೆ ಜೀಕೋಗಿಂತ ಇಷ್ಟವಾದದ್ದು ಅದೇ ಕಾಲದ ಮಿಡ್‌ಫೀಲ್ಡರ್ ತೋಚ್ತಾವನ್ ಶ್ರೀಪಾನ್. ಅವರೂ ಕೋಚ್ ಆದರು. 2016ರಲ್ಲಿ ಅವರ ಮುವಾಂಗ್‌ಥೊಂಗ್ ಯುನೈಟೆಡ್ ಲೀಗಿನಲ್ಲಿ ಮುಂದಿತ್ತು. ಅಕ್ಟೋಬರ್ 13ರಂದು ರಾಜ ಭೂಮಿಬೋಲ್ ತೀರಿಕೊಂಡರು, ಉಳಿದ ಪಂದ್ಯಗಳು ನಿಂತವು, ಕಪ್ಪು ಮುಂದಿದ್ದವರಿಗೇ ಸಿಕ್ಕಿತು. 2021ರಲ್ಲಿ ಜೀಕೋ ಮತ್ತೆ ಪ್ಲೇಕುವಿಗೆ ಹೋಗಿ ತಂಡವನ್ನು ಮೊದಲ ಸ್ಥಾನದಲ್ಲಿ ಇಟ್ಟಿದ್ದರು. ಕೊರೊನಾ ಬಂದು ಲೀಗೇ ರದ್ದು. ಕಪ್ಪು ಯಾರಿಗೂ ಇಲ್ಲ. ನ್ಯಾಯ ಎಲ್ಲಿ ಎಂದು ನಾವು ಕೇಳಿದರೆ ಅಣ್ಣ ನಕ್ಕಿದ್ದರು.

ಅವರ ಮೊಣಕಾಲು ಹೋದದ್ದು ಅದರ ಮರುವರ್ಷ, ಮಳೆಗಾಲದ ಒಂದು ಸೆವೆನ್ಸ್ ಪಂದ್ಯದಲ್ಲಿ. ಲಿಗಮೆಂಟ್ ಹರಿದಿತ್ತು. ಮೊದಲ ವಾರ ನಾವೆಲ್ಲ ಕಿತ್ತಳೆ ಹಿಡಿದುಕೊಂಡು ಹೋಗಿದ್ದೆವು. ಎರಡನೇ ವಾರ ಮೂರು ಮಂದಿ. ಆಮೇಲೆ ಯಾರೂ ಇಲ್ಲ. ನಮಗೆ ಟೂರ್ನಮೆಂಟ್ ಇತ್ತು, ಪರೀಕ್ಷೆ ಇತ್ತು, ಚರ್ಚಿನ ವಾರ್ಷಿಕ ಹಬ್ಬ ಇತ್ತು.

ಈ ವರ್ಷ ಫಾದರ್ ಅವರನ್ನು ಕರೆದು, ಕ್ರೈಸ್ತ ಶಿಕ್ಷಣದ ಮಕ್ಕಳಿಗೆ ಫುಟ್ಬಾಲ್ ಕಲಿಸುತ್ತೀಯಾ ಎಂದು ಕೇಳಿದರು. "ಆಡಲಿಕ್ಕೆ ಆಗದವನು ಆಡಿಸುವುದು ಹೇಗೆ ಫಾದರ್?" ಎಂದರಂತೆ. ಇವರಿಗೆ ಜಂಭ ಎಂದು ನಾವು ಮೈದಾನದಲ್ಲಿ ಕೂತು ಮಾತಾಡಿಕೊಂಡೆವು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಗೇ ಮಾತಾಡಿದ್ದು.

ಹೋದ ಶುಕ್ರವಾರ, ಶಿಲುಬೆಯ ಹಾದಿ ಮುಗಿಸಿ ಅವರ ಮನೆಗೆ ಹೋದೆವು. ಅಮ್ಮ ಕಾಫಿ ಕೊಟ್ಟರು. ಜಗಲಿಯಲ್ಲಿ ಅದೇ ಕುರ್ಚಿಗಳು. ನಾವು ಜೀಕೋನ ಮಾತು ತೆಗೆದೆವು, ಕೋಚ್ ಆಗಿ ಎಷ್ಟೆಲ್ಲ ಗೆದ್ದರು ಎಂದು. ಅಣ್ಣ ತುಸು ಹೊತ್ತು ಸುಮ್ಮನಿದ್ದು, "ನೀವು ಕಪ್ಪಿನ ಲೆಕ್ಕ ಹೇಳ್ತೀರಿ. ಹಡರ್ಸ್‌ಫೀಲ್ಡಿನಲ್ಲಿ ಆಡದೆ ಕೂತಿದ್ದಾಗ ಅವನ ರೂಮಿಗೆ ಯಾರು ಬಂದಿದ್ದರು, ಅದು ಎಲ್ಲಿಯೂ ಬರೆದಿಲ್ಲ," ಎಂದರು. ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ ನಮ್ಮಲ್ಲಿ ಒಬ್ಬಳು, "ತಪ್ಪಾಯಿತು ಅಣ್ಣ," ಎಂದಳು.

ಅವರು ಆಯಿತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಹೊರಡುವಾಗ ಮೆಟ್ಟಿಲ ತನಕ ಬಂದರು. ಇಳಿಯುವಾಗ ಈಗಲೂ ಬಲಗಾಲು ಮೊದಲು ಇಡುವುದಿಲ್ಲ.

"ಮಕ್ಕಳು ಎಷ್ಟು?"

"ಇಪ್ಪತ್ತಮೂರು."

"ಚೆಂಡು?"

"ಎರಡು. ಒಂದರಲ್ಲಿ ಗಾಳಿ ನಿಲ್ಲುವುದಿಲ್ಲ."

"ಎರಡು ಚೆಂಡಿನಲ್ಲಿ ಇಪ್ಪತ್ತಮೂರು ಮಕ್ಕಳಿಗೆ ಎಂತ ಕಲಿಸುವುದು?"

ಮನೆಯಲ್ಲಿ ಉಪಯೋಗಿಸದೆ ಬಿದ್ದಿರುವ ಚೆಂಡು ಯಾರಲ್ಲಾದರೂ ಇದ್ದರೆ, ಆದಿತ್ಯವಾರ ಎರಡನೇ ಪೂಜೆಯ ನಂತರ ಚರ್ಚಿನ ಗೇಟಿನ ಹತ್ತಿರ ನಮಗೆ ಕೊಡಿ. ಹಳೆಯದಾದರೂ ಅಡ್ಡಿಯಿಲ್ಲ.