‘ಶೋಲೆ’ ಗೆದ್ದದ್ದು ಯಾಕೆ?

ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಾಗ ವಿಮರ್ಶಕರು ಅಷ್ಟಾಗಿ ಮೆಚ್ಚಲಿಲ್ಲ. ಸೋತಿತು ಎಂಬ ಸುದ್ದಿಯೇ ಹಬ್ಬಿತು. ಆಮೇಲೆ ನೋಡಿದವರ ಬಾಯಿಮಾತು ಹರಡಿತು. ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು.

ಗೆಲ್ಲಿಸಿದ್ದು ಚಿತ್ರದ ಗುಣವೋ, ಜನರ ಮಾತೋ? ಒಂದೇ ಸಲ ನಡೆದ ಘಟನೆಯಿಂದ ಬಿಡಿಸಿ ಹೇಳಲಾಗದು. ಹೋಲಿಸಿ ನೋಡಲು ನಮಗೆ ಇನ್ನೊಂದು 1975 ಇಲ್ಲ.

ಸಂಶೋಧಕರಾದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಹಲವು ಲೋಕಗಳನ್ನೇ ಕಟ್ಟಿದರು. 14,000ಕ್ಕೂ ಹೆಚ್ಚು ಜನ, ಯಾರಿಗೂ ಪರಿಚಯವಿಲ್ಲದ ತಂಡಗಳ 48 ಹಾಡು; ಕೇಳಿ, ಹಿಡಿಸಿದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಒಂದು ಗುಂಪಿಗೆ ಬೇರೆಯವರ ಆಯ್ಕೆ ಕಾಣದು; ಹಾಡಿನ ಗುಣಕ್ಕೆ ಆ ಗುಂಪಿನ ಆಯ್ಕೆಯೇ ಅಳತೆ. ಉಳಿದವರನ್ನು ಚೀಟಿ ಎತ್ತಿದಂತೆ ಎಂಟು ಲೋಕಗಳಿಗೆ ಹಂಚಿ, ತಮ್ಮ ಲೋಕದಲ್ಲಿ ಯಾವ ಹಾಡು ಎಷ್ಟು ಸಲ ಡೌನ್‌ಲೋಡ್ ಆಗಿದೆ ಎಂದು ತೋರಿಸಿದರು. ಹಾಡುಗಳು ಅವೇ. ಆದರೂ ಒಂದು ಲೋಕದಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು ಇನ್ನೊಂದರಲ್ಲಿ 40ನೆಯದಾಯಿತು! ತೀರಾ ಒಳ್ಳೆಯವು ಸೋಲುವುದು, ತೀರಾ ಕಳಪೆಯವು ಗೆಲ್ಲುವುದು ಅಪರೂಪ. ನಡುವಿನವುಗಳ ಹಣೆಬರಹವನ್ನು ಮಾತ್ರ ಬಹುಮಟ್ಟಿಗೆ ಮೊದಮೊದಲು ಬಂದವರ ಆಯ್ಕೆಯೇ ಬರೆಯಿತು.

ಒಳ್ಳೆಯದಿದ್ದರೆ ತಾನಾಗಿಯೇ ಗೆಲ್ಲುತ್ತದೆ ಎಂದು ನಾವು ಸುಮ್ಮನಿರುತ್ತೇವೆ. ಹಾಗಿರಬಾರದು. ಹೊಸಬರ ಕನ್ನಡ ಸಿನಿಮಾ, ಮೊದಲ ಪುಸ್ತಕ, ಚನ್ನಪಟ್ಟಣದ ಕುಶಲಕರ್ಮಿಯೊಬ್ಬರ ಹೊಸ ಬೊಂಬೆ, ಯಾವುದೇ ಇರಲಿ, ಮನಸ್ಸಿಗೆ ಹಿಡಿಸಿದರೆ ಅಂದೇ ನಾಲ್ಕು ಜನಕ್ಕೆ ಹೇಳಿ. ಮೊದಲ ವಾರದ ನಾಲ್ಕು ಮಾತಿಗಿರುವ ತೂಕ ಆಮೇಲಿನ ನೂರು ಮಾತಿಗೆ ಇರಲಿಕ್ಕಿಲ್ಲ.