ಆಯಿಲ್ ಬದಲಿಸಿದ್ದಕ್ಕೆ ಸಾಕ್ಷಿ ಏನು?

ಮೂರು ವರ್ಷಗಳ ಹಿಂದಿನ ಜನವರಿಯ ಒಂದು ಬೆಳಗ್ಗೆ ಕಚೇರಿಯಲ್ಲಿ ಕುಳಿತಿದ್ದಾಗ ಪತ್ನಿಯ ಕರೆ ಬಂತು. ಮಗಳನ್ನು ಶಾಲೆಗೆ ಬಿಡಲು ಹೊರಟಿದ್ದ ಆಕೆ ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿದ್ದಳು. "ರೀ, ಎಣ್ಣೆ ಗಿಂಡಿಯ ಹಾಗಿರುವ ಕೆಂಪು ದೀಪ ಹತ್ತಿಕೊಂಡಿತು. ತಕ್ಷಣ ಎಂಜಿನ್ ಆರಿಸಿಬಿಟ್ಟೆ. ಈಗೇನು ಮಾಡಲಿ?" ನಮ್ಮ ಮಿಶಿಗನ್ನಿನ ಚಳಿಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಪಕ್ಕದಲ್ಲೇ ದೊಡ್ಡ ಟ್ರಕ್ಕುಗಳು ಹಾದುಹೋಗುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಆ ಕಾರಿನ ಆಯಿಲನ್ನು ಮೂರು ದಿನಗಳ ಹಿಂದೆ ನಮ್ಮ ಗ್ಯಾರೇಜಿನಲ್ಲಿ ಬದಲಿಸಿದ್ದವನು ನಾನೇ.

ಕಾರು ಕೊಂಡು ಆಗ ಎರಡು ವರ್ಷವೂ ತುಂಬಿರಲಿಲ್ಲ. ವಾರಂಟಿ ಎರಡು ಬಗೆಯದಿತ್ತು. ಒಟ್ಟಾರೆ ವಾಹನಕ್ಕೆ 3 ವರ್ಷ ಅಥವಾ 36,000 ಮೈಲಿ; ಎಂಜಿನ್, ಟ್ರಾನ್ಸ್‌ಮಿಷನ್ ಮೊದಲಾದ ಮುಖ್ಯ ಅಂಗಗಳಿಗೆ 5 ವರ್ಷ ಅಥವಾ 60,000 ಮೈಲಿ; ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ. ಮೊದಲ ಎರಡು ಸರ್ವಿಸ್‌ಗಳನ್ನು ಡೀಲರ್ ಬಳಿಯೇ ಮಾಡಿಸಿದೆವು. ಆಮೇಲೆ ನಾನು ಲೆಕ್ಕಕ್ಕೆ ಕುಳಿತೆ. ಅಲ್ಲಿ ಒಂದು ಸಲ ಆಯಿಲ್ ಬದಲಿಸಲು 90 ಡಾಲರ್. ಅಂಗಡಿಯಿಂದ 5 ಕ್ವಾರ್ಟ್ ಸಿಂಥೆಟಿಕ್ ಆಯಿಲ್ ಮತ್ತು ಫಿಲ್ಟರ್ ತಂದುಕೊಂಡರೆ 40 ಡಾಲರಿನ ಒಳಗೆ. ಉಳಿತಾಯದ ಆಸೆ ಅರ್ಧವಾದರೆ, ಉಳಿದರ್ಧ ಅಭಿಮಾನ. ಶಿವಮೊಗ್ಗದಲ್ಲಿ ಅಪ್ಪ ತಮ್ಮ ಬಜಾಜ್ ಸ್ಕೂಟರನ್ನು ಭಾನುವಾರ ಅಂಗಳದಲ್ಲಿ ನಿಲ್ಲಿಸಿಕೊಂಡು, ಪ್ಲಗ್ ಬಿಚ್ಚಿ, ಅದರ ಮಸಿಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದುದನ್ನು ನೋಡುತ್ತ ಬೆಳೆದವನು ನಾನು. ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಅಂಥವನ ಮಗ ಒಂದು ಫಿಲ್ಟರ್ ಬದಲಿಸಲಾರನೇ ಎಂಬ ಬಿಂಕ.

ಆದ ತಪ್ಪು ತೀರ ಸಣ್ಣದು. ಹಳೆಯ ಫಿಲ್ಟರ್ ಕಳಚುವಾಗ ಅದರ ಬಾಯಿಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದನ್ನು ಗಮನಿಸದೆ ಹೊಸ ಫಿಲ್ಟರನ್ನು ಅದರ ಮೇಲೆಯೇ ತಿರುಗಿಸಿ ಬಿಗಿದಿದ್ದೆ. ಒಂದರ ಮೇಲೊಂದು ಎರಡು ಉಂಗುರಗಳು ಸರಿಯಾಗಿ ಕೂರುವುದಿಲ್ಲ. ಎರಡು ದಿನ ಹೇಗೋ ತಡೆದದ್ದು, ಮೂರನೆಯ ದಿನದ ಚಳಿಯಲ್ಲಿ ಮಂದವಾಗಿದ್ದ ಆಯಿಲಿನ ಒತ್ತಡಕ್ಕೆ ಸಿಕ್ಕಿ ಜಾರಿತು. ಆಯಿಲ್ ಬಹುಪಾಲು ರಸ್ತೆಯ ಮೇಲೆ ಸುರಿದುಹೋಯಿತು. ಪತ್ನಿ "ಇನ್ನೊಂದೇ ಮೈಲಿ ತಾನೇ" ಎಂದು ಮುಂದುವರಿಸಿದ್ದರೆ ಎಂಜಿನ್ ಉಳಿಯುತ್ತಿರಲಿಲ್ಲ. ಉಳಿದದ್ದು ಆಕೆಯ ವಿವೇಕದಿಂದ, ನನ್ನ ಕೈಗುಣದಿಂದಲ್ಲ.

ಕಾರನ್ನು ಎಳೆದು ತಂದು ನಿಲ್ಲಿಸಿದ ಸರ್ವಿಸ್ ಕೇಂದ್ರದಲ್ಲಿ ಕೌಂಟರಿನವರು ಒಂದು ಮಾತು ಹೇಳಿದರು: "ಮನೆಯಲ್ಲೇ ಆಯಿಲ್ ಬದಲಿಸಿದ್ದೀರಾ? ಹಾಗಾದರೆ ನಿಮ್ಮ ವಾರಂಟಿ ಹೋದಂತೆಯೇ." ಅಪರಾಧಿಯಂತೆ ನಿಂತಿದ್ದ ನಾನು ಅದನ್ನು ಪೂರ್ತಿ ನಂಬಿದೆ. ಮುಂದಿನ ಒಂದು ವರ್ಷ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಇಂಧನ ವ್ಯವಸ್ಥೆಯ ಶುದ್ಧೀಕರಣ ಎಂದರೆ ಹೂಂ, ಎಂಜಿನ್ ಫ್ಲಶ್ ಎಂದರೆ ಹೂಂ. ಅಭಿಮಾನವಿದ್ದ ಜಾಗದಲ್ಲಿ ಈಗ ಭಯ ಕುಳಿತಿತ್ತು.

ಮರುವರ್ಷದ ಬೇಸಿಗೆಯಲ್ಲಿ ಅಪ್ಪ ಬಂದರು. ಮಧ್ಯಾಹ್ನದ ಹೊತ್ತು ಕಳೆಯಲು ಅವರು ಕೈಗೆತ್ತಿಕೊಂಡ ಪುಸ್ತಕ, ನಾನು ಒಮ್ಮೆಯೂ ಪೂರ್ತಿ ಓದದಿದ್ದ ಕಾರಿನ ಕೈಪಿಡಿ. ಎರಡು ದಿನ ಓದಿ, ನನ್ನ ಬಿಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದರು: "ಈ ಫ್ಲಶ್ ಅನ್ನೋದು ಈ ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲೋ. ಯಾರು ಹೇಳಿದ್ರು ಅಂತ ಮಾಡಿಸಿದೆ?" ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ: "ನೀನು ಮಾಡಿದ್ದು ಎಲ್ಲಿ ಬರೆದಿಟ್ಟಿದೀಯ?" ಅಪ್ಪನ ಸ್ಕೂಟರಿನ ಡಿಕ್ಕಿಯಲ್ಲಿ ಸದಾ ಇರುತ್ತಿದ್ದ ನೂರು ಪುಟದ ನೋಟ್‌ಬುಕ್ ಆಗ ನೆನಪಾಯಿತು. ಗೇರ್ ಆಯಿಲ್ ಹಾಕಿದ ದಿನ, ಪ್ಲಗ್ ಬದಲಿಸಿದ ದಿನ, ಮೀಟರಿನ ಕಿಲೋಮೀಟರ್, ಕೊಟ್ಟ ರೂಪಾಯಿ, ಎಲ್ಲವೂ ನೀಲಿ ಶಾಯಿಯಲ್ಲಿ. ಅಪ್ಪನ ಸ್ಪ್ಯಾನರನ್ನು ಮಾತ್ರ ಅನುಕರಿಸಿದ್ದ ನಾನು ನೋಟ್‌ಬುಕ್ಕನ್ನು ಮರೆತಿದ್ದೆ.

ಅಂದು ರಾತ್ರಿ ಕುಳಿತು ಕಾನೂನನ್ನು ಓದಿದೆ. ಅಮೆರಿಕದಲ್ಲಿ 1975ರಿಂದ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇದೆ. ದಿನನಿತ್ಯದ ನಿರ್ವಹಣೆಯನ್ನು ನೀವೇ ಮಾಡಿದಿರಿ ಅಥವಾ ಬೇರೆ ಮೆಕ್ಯಾನಿಕ್ ಬಳಿ ಮಾಡಿಸಿದಿರಿ ಎಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ನಿರಾಕರಿಸುವಂತಿಲ್ಲ ಎಂದು ಫೆಡರಲ್ ಟ್ರೇಡ್ ಕಮಿಷನ್ ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಿಮ್ಮ ಕೆಲಸದ ದೋಷದಿಂದಲೇ ಹಾನಿಯಾಗಿದ್ದರೆ ಆ ಹಾನಿಗೆ ಕಂಪನಿ ಹೊಣೆಯಲ್ಲ. ಎಂದರೆ, ನನ್ನ ರಬ್ಬರ್ ಉಂಗುರದ ಖರ್ಚು ನನ್ನದೇ, ಅದರಲ್ಲಿ ಅನ್ಯಾಯವಿಲ್ಲ. ಆದರೆ ಅದರಿಂದ ಇಡೀ ವಾರಂಟಿ ಹೋಯಿತು ಎಂಬ ಮಾತು ತಪ್ಪು. ಇಷ್ಟು ತಿಳಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು. ಮರುದಿನವೇ ಹೊಸ ನೋಟ್‌ಬುಕ್ ತಂದೆ; ಆಯಿಲ್ ಬದಲಾವಣೆ ಮತ್ತೆ ನಮ್ಮ ಗ್ಯಾರೇಜಿಗೆ ಮರಳಿತು.

ಇದರ ಪರೀಕ್ಷೆ ಕಳೆದ ಶರತ್ಕಾಲದಲ್ಲಿ, 47,000 ಮೈಲಿ ದಾಟಿದಾಗ ಬಂತು. ವಾಟರ್ ಪಂಪ್ ಸೋರತೊಡಗಿತು. ನಮ್ಮ ವಾರಂಟಿ ಪುಸ್ತಿಕೆಯ ಪ್ರಕಾರ ಅದು 60,000 ಮೈಲಿಯ ಪಟ್ಟಿಗೆ ಸೇರಿದ ಭಾಗ. ನಿರೀಕ್ಷಿಸಿದಂತೆಯೇ ನಿರ್ವಹಣೆಯ ದಾಖಲೆ ಕೇಳಿದರು. ಡೀಲರ್ ಬಳಿ ಮಾಡಿಸಿದ್ದೆಲ್ಲ ಅವರ ಕಂಪ್ಯೂಟರಿನಲ್ಲೇ ಇತ್ತು. ಅಪ್ಪ ಬಂದುಹೋದ ಮೇಲಿನದು ನನ್ನ ನೋಟ್‌ಬುಕ್ಕಿನಲ್ಲಿ ತಾರೀಖು, ಮೈಲಿ, ಆಯಿಲಿನ ದರ್ಜೆ ಮತ್ತು ಅಂಟಿಸಿದ ರಸೀದಿಗಳೊಡನೆ ಇತ್ತು. ಕಷ್ಟವಾದದ್ದು ಅದಕ್ಕೂ ಹಿಂದಿನ, ಆ ಜನವರಿಯ ಬದಲಾವಣೆಗೆ. ಹಳೆಯ ಮಿಂಚಂಚೆಯಲ್ಲಿ ಅಂಗಡಿಯ ರಸೀದಿ ಹುಡುಕಿದೆ. ಹೆದ್ದಾರಿಯ ಘಟನೆಯನ್ನೂ ಮುಚ್ಚಿಡದೆ ಹೇಳಿದೆ. ಹತ್ತು ದಿನ ಕಾಯಿಸಿದ ನಂತರ, ಪಂಪ್ ಸೋರಿಕೆಗೂ ಆಯಿಲಿಗೂ ಸಂಬಂಧವಿಲ್ಲವೆಂದು ಒಪ್ಪಿ ದುರಸ್ತಿ ಮಾಡಿಕೊಟ್ಟರು. ಕಾನೂನು ನನ್ನ ಪಕ್ಷದಲ್ಲಿದ್ದುದು ನಿಜ. ಆದರೆ ಕೌಂಟರಿನಲ್ಲಿ ಮಾತು ಮುಂದುವರಿದದ್ದು ಆ ನೋಟ್‌ಬುಕ್ಕಿನಿಂದ.

ಹಾಗಾದರೆ ಡೀಲರೋ, ಸ್ವಂತ ಕೈಯೋ? ನಮ್ಮ ಮನೆಯಲ್ಲಿ ಈಗ ಕೆಲಸ ಹಂಚಿಕೆಯಾಗಿದೆ. ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್, ವೈಪರ್, ಆಯಿಲ್ ನನ್ನವು. ಕೈಪಿಡಿ ಹೇಳಿದ ದರ್ಜೆಯ ಆಯಿಲ್, ಹೇಳಿದ ಅವಧಿಯೊಳಗೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿ ತಲೆ ಹಾಕುವುದಿಲ್ಲ. ಕಾರು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಲೇಬೇಕು. ಹಳೆಯ ಆಯಿಲನ್ನು ಡಬ್ಬಿಗೆ ತುಂಬಿ ಬಿಡಿಭಾಗದ ಅಂಗಡಿಗೆ ಕೊಟ್ಟುಬರುತ್ತೇನೆ. ಅವರು ಅದನ್ನು ಉಚಿತವಾಗಿ ಸ್ವೀಕರಿಸುತ್ತಾರೆ. ಒಂದು ಸಲ ಬದಲಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಬ್ರೇಕ್, ಟ್ರಾನ್ಸ್‌ಮಿಷನ್, ಸಾಫ್ಟ್‌ವೇರ್ ಮತ್ತು ವಾರಂಟಿಯ ದುರಸ್ತಿಗಳು ಡೀಲರಿನವು. ಸುರಕ್ಷತೆಗಾಗಿ ಕಂಪನಿ ಹಿಂದಕ್ಕೆ ಕರೆದಾಗಿನ ದುರಸ್ತಿಯಂತೂ ಹೇಗೂ ಉಚಿತ.

ಬ್ರೇಕ್ ಪ್ಯಾಡುಗಳನ್ನೂ ನಾನೇ ಬದಲಿಸುತ್ತೇನೆಂದು ಹೊರಟದ್ದುಂಟು. ಪತ್ನಿ ಒಂದೇ ಮಾತು ಕೇಳಿದಳು: "ಮತ್ತೆ ಒಂದು ಉಂಗುರ ಮರೆತರೆ?" ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ಕಾರು ನಿಲ್ಲುವುದಿಲ್ಲ. ನುರಿತವರು ಮಾಡಿಕೊಳ್ಳಲಿ, ನನಗೆ ಆ ನುರಿತ ಇಲ್ಲವೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ.

ಕಳೆದ ತಿಂಗಳು ಆಯಿಲ್ ಬದಲಿಸುವಾಗ ಮಗಳು ಟಾರ್ಚ್ ಹಿಡಿದಿದ್ದಳು. ಕೆಲಸ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೈಲಿ ಬರೆದವಳೂ ಅವಳೇ. ಪತ್ನಿ ಬಾಗಿಲಲ್ಲಿ ನಿಂತು ಕೈ ಚಾಚಿದಳು. ಕಾರಿನ ಕೀಲಿಗೆಂದು ತಿಳಿದು ಕೊಡಹೋದೆ.

"ಕೀಲಿ ಆಮೇಲೆ. ಮೊದಲು ಹಳೆಯ ಫಿಲ್ಟರ್ ತೋರಿಸಿ."

ಕೊಟ್ಟೆ. ಆಕೆ ಅದನ್ನು ತಿರುಗಿಸಿ, ಅಂಚಿನಲ್ಲಿ ರಬ್ಬರ್ ಉಂಗುರ ಇರುವುದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕೀಲಿ ತೆಗೆದುಕೊಂಡು ಮಗಳನ್ನು ಸಂಗೀತದ ಪಾಠಕ್ಕೆ ಕರೆದೊಯ್ದಳು.